ಪಾಳಿ ಪಟ್ಟಿ ಕೈಕೊಡುವುದು ಎಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಎಚ್‌ಆರ್ (ಸಿಬ್ಬಂದಿ ನಿರ್ವಹಣೆಯ) ಸಾಫ್ಟ್‌ವೇರ್‌ನಲ್ಲಿ ನೌಕರರ ಕೆಲಸದ ವೇಳಾಪಟ್ಟಿ ಕೂರಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರಲ್ಲಿ ಕೆಲವರು ಫ್ರಾಪೆ ಎಚ್‌ಆರ್ ಬಳಸುವವರು, ಉಳಿದವರು ಸಾಫ್ಟ್‌ವೇರ್ ಹೆಸರು ಬರೆದಿಲ್ಲ. ಪರದೆಯ ಮೇಲಿನ ಹೆಸರುಗಳು ಬೇರೆಯಾದರೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ: ಶಿಫ್ಟ್‌ನ ಸಮಯ ಒಂದು ಕಡೆ, ಯಾರಿಗೆ ಯಾವ ತಾರೀಖಿನಿಂದ ಆ ಶಿಫ್ಟ್ ಎಂಬುದು ಇನ್ನೊಂದು ಕಡೆ, ರಜಾಪಟ್ಟಿ ಮತ್ತೊಂದು ಕಡೆ. ಈ ಮೂರನ್ನು ಕಲಸಿದಲ್ಲೇ ತೊಂದರೆ ಶುರು.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಮಷಿನಿಂಗ್ ಘಟಕ. ನೈಟ್ ಶಿಫ್ಟ್ ರಾತ್ರಿ 10ರಿಂದ ಬೆಳಿಗ್ಗೆ 6. ಫ್ರಾಪೆ ಎಚ್‌ಆರ್ ಹಾಕಿದ್ದೇವೆ. ನೈಟ್ ಮಾಡಿದವರಿಗೆ ಎಷ್ಟೋ ಸಲ ಔಟ್ ಪಂಚ್ (ಹೊರಡುವಾಗ ಯಂತ್ರದಲ್ಲಿ ಒತ್ತಿದ ದಾಖಲೆ) ಸಿಗುವುದೇ ಇಲ್ಲ, ಕೆಲವರಿಗೆ ಗೈರು ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಹಾಜರಾತಿಯೂ ಬಂದಿರುವುದಿಲ್ಲ. ತಿಂಗಳ ಕೊನೆಗೆ ಕೈಯಲ್ಲೇ ತಿದ್ದುತ್ತಿದ್ದೇವೆ.

ಉತ್ತರ: ಮೊದಲು ಶಿಫ್ಟ್ ಟೈಪ್ (ಶಿಫ್ಟ್‌ನ ಸಮಯ ಬರೆದಿಡುವ ದಾಖಲೆ) ತೆರೆದು ನೋಡಿ. ಶುರು 22:00, ಮುಕ್ತಾಯ 06:00 ಎಂದಷ್ಟೇ ಇರಬೇಕು. ಮುಕ್ತಾಯ ಶುರುವಿಗಿಂತ ಚಿಕ್ಕದಿದ್ದರೆ ಅದು ಮರುದಿನಕ್ಕೆ ದಾಟುತ್ತದೆ ಎಂದು ಸಾಫ್ಟ್‌ವೇರ್ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಬೇರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೊಂದು ಟಿಕ್ ಗುರುತು ಹಾಕಬೇಕಾಗುತ್ತದೆ. ಸುಲಭ ಎಂದುಕೊಂಡು 22:00–23:59 ಮತ್ತು 00:00–06:00 ಎಂದು ಎರಡು ತುಂಡು ಮಾಡಿದ್ದರೆ ಈಗಲೇ ಅಳಿಸಿ. ಹಾಗೆ ಮಾಡಿದರೆ ಒಂದು ರಾತ್ರಿಗೆ ಎರಡು ಹಾಜರಾತಿ ಹುಟ್ಟುತ್ತದೆ, ನೈಟ್ ಅಲೊಯನ್ಸ್ ಎರಡು ಸಲ ಹೋಗುತ್ತದೆ.

ಆಮೇಲೆ ಆ ನೌಕರನಿಗೆ ಆ ತಾರೀಖಿಗೆ ಶಿಫ್ಟ್ ಅಸೈನ್‌ಮೆಂಟ್ (ಯಾರಿಗೆ ಯಾವ ಶಿಫ್ಟ್ ಎಂಬ ದಾಖಲೆ) ಇದೆಯೇ ನೋಡಿ. ಇಲ್ಲದಿದ್ದರೆ ನೌಕರನ ಕಡತದಲ್ಲಿರುವ ಡೀಫಾಲ್ಟ್ ಶಿಫ್ಟ್ ಲಾಗು ಆಗುತ್ತದೆ. ಸಾಮಾನ್ಯವಾಗಿ ಅದು ಜನರಲ್ ಶಿಫ್ಟ್. ರಾತ್ರಿ 9:50ರ ಪಂಚ್‌ಗೆ ಜನರಲ್ ಶಿಫ್ಟ್‌ನಲ್ಲಿ ಜಾಗವೇ ಇರುವುದಿಲ್ಲ, ಅದು ಯಾವ ಶಿಫ್ಟಿಗೂ ಸೇರದೆ ಬಿದ್ದಿರುತ್ತದೆ. ಎಂಪ್ಲಾಯೀ ಚೆಕ್‌ಇನ್ ಪಟ್ಟಿಯಲ್ಲಿ 'ಶಿಫ್ಟ್' ಕಾಲಂ ಖಾಲಿ ಇರುವ ಸಾಲುಗಳನ್ನು ಸೋಸಿ ತೆಗೆಯಿರಿ, ಯಾರ ಅಸೈನ್‌ಮೆಂಟ್ ತಪ್ಪಿದೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಸೈನ್‌ಮೆಂಟ್ ಸರಿ ಇದ್ದೂ ಔಟ್ ಪಂಚ್ ತಪ್ಪುತ್ತಿದ್ದರೆ ದೋಷ ಪಂಚ್ ಹಿಡಿಯುವ ಅವಧಿಯದು. ಶಿಫ್ಟ್ ಟೈಪ್‌ನಲ್ಲಿ ಶುರುವಿಗೆ ಮುಂಚೆ ಎಷ್ಟು ನಿಮಿಷ ಚೆಕ್‌ಇನ್ ಒಪ್ಪಬೇಕು, ಮುಗಿದ ಮೇಲೆ ಎಷ್ಟು ನಿಮಿಷ ಚೆಕ್‌ಔಟ್ ಒಪ್ಪಬೇಕು ಎಂಬ ಎರಡು ಮನೆಗಳಿವೆ. ಎರಡರಲ್ಲೂ ಮೊದಲಿಗೆ 60 ಇರುತ್ತದೆ. ನಿಮ್ಮಲ್ಲಿ ನೈಟ್‌ನವರು ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿ 8:30ಕ್ಕೆ ಹೊರಟರೆ ಆ ಪಂಚ್ 7:00ರ ಗಡಿ ದಾಟಿರುತ್ತದೆ. ಇನ್ ಮಾತ್ರ ಉಳಿದು, ಕೆಲಸದ ಗಂಟೆ ಸೊನ್ನೆಯಾಗಿ, ಗೈರಿನ ಮಿತಿ (ಇಷ್ಟು ಗಂಟೆಗಿಂತ ಕಡಿಮೆಯಾದರೆ ಗೈರು ಎಂಬುದು) ಹಾಕಿದ್ದರೆ ನೇರ ಗೈರು. ಮುಗಿದ ನಂತರದ ಅವಧಿಯನ್ನು 240 ನಿಮಿಷ ಮಾಡಿ. ಅದಕ್ಕಿಂತ ಹಿಗ್ಗಿಸಬೇಡಿ. ಅದೇ ಮನುಷ್ಯ ಅದೇ ದಿನ ಇನ್ನೊಂದು ಶಿಫ್ಟಿಗೆ ಬರುವ ಪ್ರಸಂಗವಿದ್ದರೆ ಒಂದರ ಔಟ್ ಅವಧಿ ಮುಂದಿನದರ ಇನ್ ಅವಧಿಯ ಮೇಲೆ ಹತ್ತಿ ಕೂರಬಾರದು.

ಈ ಬದಲಾವಣೆಗೆ ಒಂದು ಬಾಲವಿದೆ. ಶಿಫ್ಟ್‌ನ ಅವಧಿಯೂ ಅದರ ಹಿಂದಿನ ಆ 240 ನಿಮಿಷವೂ ಮುಗಿದು, 'ಲಾಸ್ಟ್ ಸಿಂಕ್ ಆಫ್ ಚೆಕ್‌ಇನ್' ಎಂಬ ಸಮಯ (ಯಂತ್ರದ ಪಂಚ್‌ಗಳು ಎಲ್ಲಿಯವರೆಗೆ ಬಂದಿವೆ ಎಂಬ ಗುರುತು) ಅದನ್ನು ದಾಟಿದ ಮೇಲಷ್ಟೇ ಹಾಜರಾತಿ ಬೀಳುತ್ತದೆ. ಅಂದರೆ ರಾತ್ರಿಯ ಹಾಜರಾತಿ ಬೆಳಿಗ್ಗೆ 10ಕ್ಕೆ ಮೊದಲು ಕಾಣಿಸುವುದಿಲ್ಲ. ಏಳು ಗಂಟೆಗೆ ಸೂಪರ್‌ವೈಸರ್ ತೆರೆದು 'ಏನೂ ಬಂದಿಲ್ಲ' ಎಂದು ಕೈಯಲ್ಲಿ ತುಂಬಿಸಲು ಹೋದರೆ ಗೋಜಲು. ಹತ್ತು ದಾಟಿದರೂ ಬಾರದಿದ್ದರೆ ಪಂಚ್ ಯಂತ್ರದಿಂದ ದತ್ತಾಂಶ ಎಳೆಯುವ ಪ್ರೋಗ್ರಾಂ ಲಾಸ್ಟ್ ಸಿಂಕ್ ಸಮಯವನ್ನು ಮುಂದೂಡುತ್ತಿಲ್ಲ ಎಂದರ್ಥ.

ಇನ್ನು ತಾರೀಖಿನ ಮಾತು. 2ನೇ ತಾರೀಖಿನ ಬೆಳಿಗ್ಗೆ 5:58ರ ಪಂಚ್ 1ನೇ ತಾರೀಖಿನ ಶಿಫ್ಟ್‌ಗೇ ಸೇರಬೇಕು. ಕಾನೂನೂ ಹಾಗೇ ಎಣಿಸುತ್ತದೆ. ಕಾರ್ಖಾನೆ ಕಾಯ್ದೆ 1948ರ 57ನೇ ಸೆಕ್ಷನ್ನಿನಲ್ಲಿ ಮಧ್ಯರಾತ್ರಿಯ ನಂತರದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ ಎಂದಿತ್ತು, ವಾರದ ರಜೆ ಎಂದರೆ ಶಿಫ್ಟ್ ಮುಗಿದ ಗಳಿಗೆಯಿಂದ ಸತತ 24 ಗಂಟೆ ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲೂ ಅದೇ ನಿಯಮ ಮುಂದುವರಿದಿದೆ. ಇದು ಎಲ್ಲಿ ಕಚ್ಚುತ್ತದೆಂದರೆ, ಶನಿವಾರದ ನೈಟ್ ಭಾನುವಾರ ಬೆಳಿಗ್ಗೆ 6ಕ್ಕೆ ಮುಗಿದು, ಸೋಮವಾರ ಬೆಳಿಗ್ಗೆ 6ಕ್ಕೆ ಫಸ್ಟ್ ಶಿಫ್ಟ್ ಶುರುವಾದರೆ ಸಿಗುವುದು ಸರಿಯಾಗಿ 24 ಗಂಟೆ. ಆ ಶನಿವಾರ ಎರಡು ಗಂಟೆ ಓಟಿ ಮಾಡಿಸಿದಿರೋ, ರಜೆ 22 ಗಂಟೆಗೆ ಇಳಿಯಿತು. ಸಾಫ್ಟ್‌ವೇರ್ ಮಾತ್ರ ಭಾನುವಾರಕ್ಕೆ ಹಸಿರು ಬಣ್ಣ ಬಳಿದು ಸುಮ್ಮನಿರುತ್ತದೆ. ಶಿಫ್ಟ್ ಬದಲಾಗುವ ವಾರದ ಶನಿವಾರದ ನೈಟ್‌ಗೆ ಓಟಿ ಅನುಮತಿಯನ್ನೇ ಮುಚ್ಚುವುದು ಲೇಸು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ನರ್ಸಿಂಗ್ ಹೋಮ್ ಇದೆ. ನರ್ಸ್‌ಗಳಿಗೆ 8ರಿಂದ 2, 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8 ಡ್ಯೂಟಿ. ಮೂರು ಗುಂಪು ಮಾಡಿ ವಾರಕ್ಕೊಮ್ಮೆ ಬದಲಿಸುತ್ತೇವೆ. ವಾರದ ರಜೆ ಕೊಟ್ಟ ದಿನವೆಲ್ಲ ಯಾರಾದರೂ ಡಬಲ್ ಡ್ಯೂಟಿ ಮಾಡಬೇಕಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದನ್ನು ಹೊಂದಿಸುವ ದಾರಿ ಯಾವುದು?

ಉತ್ತರ: ಇದು ಸಾಫ್ಟ್‌ವೇರ್‌ನಿಂದ ಬಗೆಹರಿಯುವುದಲ್ಲ, ಮೊದಲು ಕಾಗದದ ಮೇಲೆ ಬಗೆಹರಿಯಬೇಕು. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. ಮೂವರಿಗೆ ಹಂಚಿದರೆ ತಲೆಗೆ 56. ವಾರದ ಮಿತಿ 48. ಎಂಟು ಗಂಟೆ ಎಲ್ಲಿಂದ ತರುತ್ತೀರಿ? ಆ ಎಂಟೇ ನಿಮ್ಮ ಡಬಲ್ ಡ್ಯೂಟಿ. ಒಂದು ಹೊತ್ತಿಗೆ ಐವರು ನರ್ಸ್‌ಗಳು ಬೇಕಿದ್ದರೆ 840 ಗಂಟೆ, 48ರಿಂದ ಭಾಗಿಸಿದರೆ 17.5. ಅಂದರೆ 18 ಮಂದಿ. ಅದೂ ಯಾರೂ ರಜೆ ಹಾಕದಿದ್ದರೆ. 15 ಜನರನ್ನಿಟ್ಟುಕೊಂಡು ಯಾವ ರೋಸ್ಟರ್ (ಪಾಳಿ ಪಟ್ಟಿ) ಬರೆದರೂ ಹರಿದೇ ಹರಿಯುತ್ತದೆ.

20 ಮಂದಿ ಇದ್ದರೆ ಐವರಂತೆ ನಾಲ್ಕು ಗುಂಪು ಮಾಡಿ ಎಂಟು ದಿನದ ಚಕ್ರ ಹಾಕಿ: ಎರಡು ದಿನ ಬೆಳಿಗ್ಗೆ, ಎರಡು ದಿನ ಮಧ್ಯಾಹ್ನ, ಎರಡು ರಾತ್ರಿ, ಎರಡು ದಿನ ರಜೆ. ನಿಮ್ಮ ವೇಳೆಯಲ್ಲಿ 12 + 12 + 24 = 48 ಗಂಟೆ, ಅದೂ ಎಂಟು ದಿನಕ್ಕೆ. ಯಾವ ಏಳು ದಿನ ತೆಗೆದುಕೊಂಡರೂ ಕನಿಷ್ಠ ಒಂದು ರಜೆ ಒಳಗೆ ಬರುತ್ತದೆ, 48 ದಾಟುವುದಿಲ್ಲ. ಎರಡನೇ ರಾತ್ರಿ ಮುಗಿದು ಬೆಳಿಗ್ಗೆ 8ಕ್ಕೆ ಹೊರಟವರು ಮತ್ತೆ ಬರುವುದು 48 ಗಂಟೆಯ ನಂತರ. ಮೊದಲ ದಿನ ಒಂದನೇ ಗುಂಪು ಚಕ್ರದ 1ನೇ ದಿನದಿಂದ, ಎರಡನೆಯದು 3ನೇ ದಿನದಿಂದ, ಮೂರನೆಯದು 5ರಿಂದ, ನಾಲ್ಕನೆಯದು 7ರಿಂದ ಹೊರಟರೆ ಯಾವ ಹೊತ್ತೂ ಖಾಲಿ ಉಳಿಯುವುದಿಲ್ಲ. ಹನ್ನೆರಡು ಗಂಟೆಯ ರಾತ್ರಿ ಡ್ಯೂಟಿಗೆ ದಿನದ ಮಿತಿಯ ಪ್ರಶ್ನೆ ಬೇರೆಯೇ ಇದೆ. ವಾರದ ಲೆಕ್ಕ ಸರಿ ಬಂತೆಂದು ಅದು ತೀರುವುದಿಲ್ಲ, ದಿನದ ಮಿತಿ ಮೀರಿದ ಗಂಟೆಗೆ ಎರಡು ಪಟ್ಟು ದರದ ಓಟಿ ಕೂರುತ್ತದೆಯೇ ಎಂದು ನಿಮ್ಮ ಕಾರ್ಮಿಕ ಸಲಹೆಗಾರರನ್ನು ಕೇಳಿಯೇ ಮುಂದುವರಿಯಿರಿ.

ಈಗ ಸಾಫ್ಟ್‌ವೇರ್. 'ರೊಟೇಶನ್' ಅಥವಾ 'ಸೈಕಲ್' ಎಂಬಲ್ಲಿ ದಿನಗಳ ಸಂಖ್ಯೆ 8 ಎಂದು ಬರೆಯಲು ಬಿಡುವುದಾದರೆ ಕೆಲಸ ಹಗುರ: ಒಂದೇ ಚಕ್ರ, ನಾಲ್ಕು ಆರಂಭದ ದಿನ. ಎಷ್ಟೋ ಸಾಫ್ಟ್‌ವೇರ್‌ಗಳು ವಾರದ ಲೆಕ್ಕದಲ್ಲಷ್ಟೇ ಯೋಚಿಸುತ್ತವೆ. ಫ್ರಾಪೆ ಎಚ್‌ಆರ್‌ನ ಶಿಫ್ಟ್ ಶೆಡ್ಯೂಲ್‌ನಲ್ಲಿ ಪ್ರತಿ ವಾರದಿಂದ ನಾಲ್ಕು ವಾರಕ್ಕೊಮ್ಮೆಯವರೆಗಿನ ಆಯ್ಕೆಗಳಿವೆ, ಎಂಟು ದಿನ ಅದರಲ್ಲಿ ಕೂರುವುದಿಲ್ಲ. ಎಂಟು ದಿನದ ಚಕ್ರ ಮತ್ತೆ ವಾರದ ಅದೇ ದಿನಕ್ಕೆ ಬಂದು ನಿಲ್ಲಲು 56 ದಿನ, ಅಂದರೆ ಎಂಟು ವಾರ ಬೇಕು. ಹಾಗಾಗಿ ಎಕ್ಸೆಲ್‌ನಲ್ಲಿ 56 ದಿನದ ಹಾಳೆ ಒಮ್ಮೆ ತಯಾರಿಸಿ, ನೌಕರ, ಶಿಫ್ಟ್, ಶುರು ತಾರೀಖು, ಮುಕ್ತಾಯದ ತಾರೀಖು ಎಂಬ ಕಾಲಂಗಳೊಂದಿಗೆ ಡೇಟಾ ಇಂಪೋರ್ಟ್ ಮೂಲಕ ಶಿಫ್ಟ್ ಅಸೈನ್‌ಮೆಂಟ್‌ಗಳನ್ನು ಏರಿಸಿ. ಎರಡೆರಡು ದಿನ ಒಂದೇ ಶಿಫ್ಟ್ ಇರುವುದರಿಂದ ಒಬ್ಬರಿಗೆ ಚಕ್ರಕ್ಕೆ ಮೂರೇ ಸಾಲು. ಮುಕ್ತಾಯದ ತಾರೀಖು ಬಿಟ್ಟರೆ ಆ ಶಿಫ್ಟ್ ಕೊನೆಯಿಲ್ಲದೆ ಮುಂದುವರಿದು, ಮುಂದಿನ ಸಾಲನ್ನು ಸಾಫ್ಟ್‌ವೇರ್ ತಿರಸ್ಕರಿಸುತ್ತದೆ.

ತಿರುಗುವ ರಜೆಗೆ ಇನ್ನೊಂದು ತೊಡಕಿದೆ. ಫ್ರಾಪೆಯಲ್ಲಿ ಪಂಚ್‌ನಿಂದ ಹಾಜರಾತಿ ಹಾಕುವಾಗ ಶಿಫ್ಟ್‌ಗೆ ಜೋಡಿಸಿದ ರಜಾಪಟ್ಟಿ ಮೊದಲು, ಅದಿಲ್ಲದಿದ್ದರೆ ನೌಕರನ ಪಟ್ಟಿ. ರಜೆ ಅರ್ಜಿ ಲೆಕ್ಕ ಹಾಕುವಾಗ ನೋಡುವುದು ನೌಕರನ ಪಟ್ಟಿಯನ್ನು. ಎಲ್ಲರಿಗೂ 'ಭಾನುವಾರ ರಜೆ' ಪಟ್ಟಿ ಹಾಕಿಟ್ಟರೆ, ಬುಧವಾರ–ಗುರುವಾರ ಆಫ್ ಇದ್ದ ನರ್ಸ್ ಸೋಮವಾರದಿಂದ ಶನಿವಾರ ರಜೆ ಹಾಕಿದಾಗ ನಾಲ್ಕರ ಬದಲು ಆರು ದಿನ ಕಡಿತವಾಗುತ್ತದೆ. ನಾಲ್ಕು ಗುಂಪಿಗೆ ನಾಲ್ಕು ರಜಾಪಟ್ಟಿ ಮಾಡಿ, ಆಯಾ ಗುಂಪಿನ ಆಫ್ ದಿನಗಳನ್ನೇ ಅದರಲ್ಲಿ ತುಂಬಿ, ನೌಕರನ ಕಡತಕ್ಕೆ ಜೋಡಿಸಿ. ಗುಂಪು ಬದಲಿಸಿದ ದಿನ ಪಟ್ಟಿಯನ್ನೂ ಬದಲಿಸಬೇಕು. ಮರೆಯುವುದು ಇಲ್ಲೇ.

ಪ್ರಶ್ನೆ: ಮೈಸೂರಿನ ಗಾರ್ಮೆಂಟ್ಸ್ ಘಟಕ. ವೇಳೆ 9ರಿಂದ 5:30, ಊಟಕ್ಕೆ ಅರ್ಧ ಗಂಟೆ. 10 ನಿಮಿಷ ವಿನಾಯಿತಿ ಕೊಟ್ಟಿದ್ದೇವೆ. ಆದರೂ 9:05ಕ್ಕೆ ಬಂದವರಿಗೆ ಅರ್ಧ ದಿನ ಬೀಳುತ್ತಿದೆ. ಕಾರ್ಮಿಕರು ಜಗಳಕ್ಕೆ ಬರುತ್ತಿದ್ದಾರೆ.

ಉತ್ತರ: ಜಗಳ ನ್ಯಾಯವಾದದ್ದೇ. ನೀವು ಅರ್ಧ ದಿನದ ಮಿತಿಯಲ್ಲಿ 8 ಎಂದು ಬರೆದಿರಬೇಕು. ಆ ಮನೆಯ ಅರ್ಥ 'ಪೂರ್ತಿ ದಿನಕ್ಕೆ ಎಷ್ಟು ಗಂಟೆ' ಎಂದಲ್ಲ, 'ಎಷ್ಟಕ್ಕಿಂತ ಕಡಿಮೆಯಾದರೆ ಅರ್ಧ ದಿನ' ಎಂದು. ಎಂಟೂವರೆ ಗಂಟೆಯಲ್ಲಿ ಊಟದ ಅರ್ಧ ಗಂಟೆ ಕಳೆದರೆ ಉಳಿಯುವುದು ಸರಿಯಾಗಿ 8. ಐದು ನಿಮಿಷ ತಡವಾದರೆ 7 ಗಂಟೆ 55 ನಿಮಿಷ, ಎಂಟಕ್ಕಿಂತ ಕಡಿಮೆ, ಅರ್ಧ ದಿನ! ವಿನಾಯಿತಿಯ ನಿಮಿಷಗಳು 'ತಡ' ಎಂಬ ಗುರುತು ಬೀಳದಂತೆ ತಡೆಯುತ್ತವೆಯೇ ಹೊರತು ಕೆಲಸದ ಗಂಟೆಗೆ ಸೇರುವುದಿಲ್ಲ. ಅರ್ಧ ದಿನದ ಮಿತಿ 6, ಗೈರಿನ ಮಿತಿ 3 ಎಂದಿಟ್ಟು ನೋಡಿ.

ಊಟಕ್ಕೆ ಹೋಗುವಾಗ ಪಂಚ್ ಮಾಡಿಸುತ್ತೀರಾ ಇಲ್ಲವಾ ಎಂಬುದರ ಮೇಲೆ ಇನ್ನೊಂದು ಆಯ್ಕೆ ನಿಂತಿದೆ. ಮಾಡಿಸದಿದ್ದರೆ ಮೊದಲ ಇನ್, ಕೊನೆಯ ಔಟ್ ಲೆಕ್ಕ ಸಾಕು. ಮಾಡಿಸಿದರೆ ಪ್ರತಿ ಇನ್–ಔಟ್ ಜೋಡಿಯ ಲೆಕ್ಕ. ಎರಡನೆಯದರಲ್ಲಿ ಒಬ್ಬರು ಒಂದು ಪಂಚ್ ಮರೆತರೂ ಆ ದಿನದ ಜೋಡಿಗಳೆಲ್ಲ ತಿರುವುಮುರುವಾಗುತ್ತವೆ. ಬೆರಳು ಸರಿಯಾಗಿ ಓದಿತೋ ಇಲ್ಲವೋ ಎಂದು ಎರಡು ಸಲ ಒತ್ತುವವರು ಎಲ್ಲ ಕಡೆ ಇರುತ್ತಾರೆ. ಆಗ ಎರಡನೇ ಒತ್ತು 'ಔಟ್' ಆಗುತ್ತದೆ. ಪಂಚ್ ಯಂತ್ರದಲ್ಲೇ ಮರುಕಳಿಸುವ ಪಂಚ್‌ಗಳನ್ನು ಬಿಡುವ ಅವಧಿಯನ್ನು ಒಂದೆರಡು ನಿಮಿಷಕ್ಕೆ ಹೊಂದಿಸಿ.

ಪ್ರಶ್ನೆ: ದಾವಣಗೆರೆಯ ನಮ್ಮ ಸೊಸೈಟಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಸಾಫ್ಟ್‌ವೇರ್‌ನಲ್ಲಿ 'ಒಂದು ಬಿಟ್ಟು ಒಂದು ಶನಿವಾರ' ಹಾಕಿದ್ದೇವೆ. ಫೆಬ್ರವರಿಯಲ್ಲಿ ತಪ್ಪು ಬಂತು.

ಉತ್ತರ: ಬರಲೇಬೇಕು. 2026ರ ಜನವರಿಯಲ್ಲಿ ಐದು ಶನಿವಾರ. 10 ಮತ್ತು 24 ಸರಿ ಬಂದವು, ಮುಂದಿನ 'ಬಿಟ್ಟು ಒಂದು' ಫೆಬ್ರವರಿ 7, ಅದು ಮೊದಲನೇ ಶನಿವಾರ. ಮೇ, ಆಗಸ್ಟ್, ಅಕ್ಟೋಬರ್‌ನಲ್ಲೂ ಐದೈದು ಶನಿವಾರಗಳಿವೆ, ಪ್ರತಿಸಲವೂ ಲೆಕ್ಕ ಒಂದು ವಾರ ಜಾರುತ್ತದೆ. 'ತಿಂಗಳ ಎರಡನೇ, ನಾಲ್ಕನೇ' ಎಂಬ ಆಯ್ಕೆ ಇಲ್ಲದಿದ್ದರೆ ವರ್ಷದ 24 ತಾರೀಖುಗಳನ್ನು ಕೈಯಲ್ಲಿ ಹಾಕಿಬಿಡಿ, ಹತ್ತು ನಿಮಿಷದ ಕೆಲಸ.

ರಜಾಪಟ್ಟಿ ತೆರೆದಾಗಲೇ, ಕಾರ್ಖಾನೆ ನಡೆಸುವ ಓದುಗರು ಇನ್ನೊಂದನ್ನೂ ನೋಡಿಕೊಳ್ಳಲಿ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ 1963ರ ಕರ್ನಾಟಕದ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ, ಜೊತೆಗೆ ಐದು ಹಬ್ಬದ ರಜೆ. ಆ ದಿನ ದುಡಿಸಿದರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. 2026ರಲ್ಲಿ ರಾಜ್ಯೋತ್ಸವ ಭಾನುವಾರ ಬೀಳುತ್ತದೆ. ಆ ತಾರೀಖನ್ನು ವಾರದ ರಜೆ ಎಂದು ಗುರುತಿಸಬೇಕೋ ರಾಷ್ಟ್ರೀಯ ರಜೆ ಎಂದೋ ಈಗಲೇ ತೀರ್ಮಾನಿಸಿ. ಪಾಳಿಯಲ್ಲಿ ಬಂದವರ ಸಂಬಳದ ಲೆಕ್ಕ ಅದರ ಮೇಲೆ ನಿಂತಿದೆ.

ಪ್ರಶ್ನೆ: ಬೆಂಗಳೂರಿನಲ್ಲಿದ್ದು ನ್ಯೂಯಾರ್ಕ್ ಗ್ರಾಹಕರಿಗೆ ಕೆಲಸ ಮಾಡುವ ತಂಡ ನಮ್ಮದು. ಮಾರ್ಚ್‌ನಲ್ಲಿ ಅಲ್ಲಿನ ಗಡಿಯಾರ ಬದಲಾಗಿ ನಮ್ಮ ಶಿಫ್ಟ್ ಒಂದು ಗಂಟೆ ಮುಂಚೆ ಶುರುವಾದಾಗ ಶಿಫ್ಟ್ ಸಮಯ ತಿದ್ದಿದೆವು. ಮಾರ್ಚ್ ಮೊದಲ ವಾರದಲ್ಲಿ ಎಲ್ಲರೂ ತಡವಾಗಿ ಬಂದಂತೆ ತೋರಿಸುತ್ತಿದೆ.

ಉತ್ತರ: ಶಿಫ್ಟ್‌ನ ಮೂಲ ದಾಖಲೆಯಲ್ಲೇ 19:30 ಅಳಿಸಿ 18:30 ಬರೆದಿರಿ. ಆಮೇಲೆ ಯಾರೋ ತಿಂಗಳ ಹಾಜರಾತಿಯನ್ನು ಮರು ಲೆಕ್ಕ ಹಾಕಿದರು. ಮಾರ್ಚ್ 3ರಂದು 7:25ಕ್ಕೆ, ಅಂದರೆ ಐದು ನಿಮಿಷ ಮುಂಚೆಯೇ ಬಂದವರು ಹೊಸ ಸಮಯಕ್ಕೆ ಹೋಲಿಸಿದರೆ 55 ನಿಮಿಷ ತಡ. ಬಳಕೆಯಲ್ಲಿರುವ ಶಿಫ್ಟ್‌ನ ಸಮಯವನ್ನು ಎಂದೂ ತಿದ್ದಬಾರದು. ಹೊಸ ಶಿಫ್ಟ್ ಮಾಡಿ, ಹೊಸ ತಾರೀಖಿನಿಂದ ಜೋಡಿಸಬೇಕು.

ನಿಮಗೆ ಬೇಕಿರುವುದು ಎರಡು ಶಿಫ್ಟ್. ನ್ಯೂಯಾರ್ಕಿನ ಬೆಳಿಗ್ಗೆ 9ರಿಂದ ಸಂಜೆ 6 ಎಂದರೆ ನಮ್ಮಲ್ಲಿ ಬೇಸಿಗೆ ಸಮಯದಲ್ಲಿ 18:30–03:30, ಚಳಿಗಾಲದಲ್ಲಿ 19:30–04:30. ಅಮೆರಿಕದಲ್ಲಿ ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. 2026ರಲ್ಲಿ ಮಾರ್ಚ್ 8 ಮತ್ತು ನವೆಂಬರ್ 1. ಚಳಿಗಾಲದ ಅಸೈನ್‌ಮೆಂಟ್‌ಗೆ ಮುಕ್ತಾಯ ಮಾರ್ಚ್ 8, ಬೇಸಿಗೆಯದು ಮಾರ್ಚ್ 9ರಿಂದ ನವೆಂಬರ್ 1, ಮತ್ತೆ ಚಳಿಗಾಲದ್ದು ನವೆಂಬರ್ 2ರಿಂದ. ವರ್ಷಾರಂಭದಲ್ಲೇ ಮೂರನ್ನೂ ಹಾಕಿಡಬಹುದು. ಇಂಗ್ಲೆಂಡ್ ಗ್ರಾಹಕರೂ ಇದ್ದರೆ ಅಲ್ಲಿ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಈ ವರ್ಷ ಮಾರ್ಚ್ 29 ಮತ್ತು ಅಕ್ಟೋಬರ್ 25. ನಡುವಿನ ವಾರಗಳಲ್ಲಿ ಎರಡೂ ತಂಡಗಳ ಸಮಯದ ಅಂತರವೇ ಬೇರೆ. ಗ್ರಾಹಕರು ಅರಿಜೋನಾದ ಫೀನಿಕ್ಸ್‌ನವರಾದರೆ ಏನೂ ಬದಲಿಸುವಂತಿಲ್ಲ, ಅಲ್ಲಿ ಗಡಿಯಾರ ಮುಟ್ಟುವುದಿಲ್ಲ.

ಶಿಫ್ಟ್ ಬದಲಾದಾಗ ಜೊತೆಗೆ ನೋಡಬೇಕಾದವು ಎರಡು. ಒಂದು, ನೈಟ್ ಅಲೊಯನ್ಸ್ ಸೂತ್ರ. 'ಬೆಳಗಿನ 4ರ ನಂತರವೂ ಕೆಲಸ ಮಾಡಿದರೆ' ಎಂದು ಬರೆದಿದ್ದರೆ ಬೇಸಿಗೆಯಲ್ಲಿ ಯಾರಿಗೂ ಸಿಗದು. ಗಂಟೆಗೆ ಕಟ್ಟುವ ಬದಲು ಶಿಫ್ಟ್ ಹೆಸರಿಗೆ ಕಟ್ಟಿ. ಇನ್ನೊಂದು, ಕ್ಯಾಬ್ ಪಟ್ಟಿ. ರಾತ್ರಿ ಪಾಳಿಯ ಮಹಿಳೆಯರಿಗೆ ವಾಹನ ಕೊಡುವುದು ಅನುಮತಿಯ ಷರತ್ತು. ಆ ಪಟ್ಟಿಯನ್ನು ಟ್ರಾನ್ಸ್‌ಪೋರ್ಟ್‌ನವರು ತಮ್ಮದೇ ಹಾಳೆಯಲ್ಲಿ ಇಟ್ಟುಕೊಂಡಿದ್ದರೆ ಮಾರ್ಚ್ 10ರ ನಸುಕಿನ 3:30ಕ್ಕೆ ಎಲ್ಲರೂ ಗೇಟಿನಲ್ಲಿ, ಗಾಡಿ 4:30ಕ್ಕೆ.

ಪ್ರಶ್ನೆ: ಉಡುಪಿಯಲ್ಲಿ ಹೋಟೆಲ್. ಸಪ್ಲೈಯರ್‌ಗಳಿಗೆ ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 8. ಮಧ್ಯೆ ಐದು ಗಂಟೆ ಬಿಡುವು. ಎರಡು ಶಿಫ್ಟ್ ಮಾಡಬೇಕೇ?

ಉತ್ತರ: ಅದಕ್ಕೆ ಮೊದಲು ವೇಳೆಯನ್ನೇ ತಿದ್ದಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಕೆಲಸ–ಬಿಡುವು ಎರಡೂ ಸೇರಿ ದಿನಕ್ಕೆ 12 ಗಂಟೆ ಮೀರಬಾರದು ಎನ್ನುತ್ತದೆ. ನಿಮ್ಮದು 13. ಸಂಜೆಯದನ್ನು 3ರಿಂದ 7 ಮಾಡಿದರೆ ಸರಿಯಾಗಿ 12. ರಾತ್ರಿ 8ರವರೆಗೆ ಜನ ಬೇಕೇ ಬೇಕು ಎಂದರೆ ಅರ್ಧ ಮಂದಿಯನ್ನು 8ರಿಂದ ಶುರು ಮಾಡಿಸಿ. ಸಾಫ್ಟ್‌ವೇರ್‌ನಲ್ಲಿ ಎರಡು ಶಿಫ್ಟ್ ಬೇಡ, ದಿನಕ್ಕೆರಡು ಹಾಜರಾತಿ ಬಂದು ಸಂಬಳದ ದಿನಗಳು ಗೊಂದಲವಾಗುತ್ತವೆ. 7:00–19:00 ಒಂದೇ ಶಿಫ್ಟ್ ಇಟ್ಟು, ಪ್ರತಿ ಇನ್–ಔಟ್ ಜೋಡಿಯ ಲೆಕ್ಕ ಹಾಕಿ. ನಾಲ್ಕೂ ಪಂಚ್ ಕಡ್ಡಾಯ.

ಪ್ರಶ್ನೆ: ಎಕ್ಸೆಲ್‌ನಿಂದ ರೋಸ್ಟರ್ ಏರಿಸಿದರೆ ಕೆಲವರದ್ದು ಮಾತ್ರ ಬರುವುದಿಲ್ಲ, ಕೆಲವರದ್ದು ಬೇರೆ ತಿಂಗಳಿಗೆ ಹೋಗುತ್ತದೆ. – ತುಮಕೂರಿನ ಓದುಗರು

ಉತ್ತರ: ಬಾರದವರ ನೌಕರ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆಯೇ ನೋಡಿ. 00123 ಎಂದಿದ್ದದ್ದನ್ನು ಎಕ್ಸೆಲ್ 123 ಮಾಡಿಬಿಡುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ ಆಮೇಲೆ ಸಂಖ್ಯೆ ತುಂಬಿ. ಮೊದಲು ತುಂಬಿ ಆಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಸೊನ್ನೆ ಮರಳದು. ಬೇರೆ ತಿಂಗಳಿಗೆ ಹೋಗುವವು 1ರಿಂದ 12ರೊಳಗಿನ ತಾರೀಖುಗಳೇ ಆಗಿರುತ್ತವೆ: 05-06 ಜೂನ್ 5 ಆಗುವ ಬದಲು ಮೇ 6 ಆಗಿದೆ. 2026-06-05 ಎಂದು ವರ್ಷ ಮೊದಲಿಟ್ಟು ಬರೆದರೆ ಎರಡರ್ಥಕ್ಕೆ ಜಾಗವಿಲ್ಲ. ಪಂಚ್‌ಗಳೂ ವಿಚಿತ್ರವಾಗಿ ಕಂಡರೆ, ಬೆಳಿಗ್ಗೆ 6:00ರದ್ದು 00:30 ಎಂದು ಬಂದಿದೆಯೇ ನೋಡಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಸರ್ವರ್‌ನ ಟೈಮ್‌ಜೋನ್ ಗ್ರೀನ್‌ವಿಚ್ ಸಮಯದಲ್ಲಿದೆ, ಅದನ್ನು ಏಷ್ಯಾ/ಕೋಲ್ಕತಾಗೆ ಬದಲಿಸಿ. ಬದಲಿಸುವ ಮುಂಚೆ ಬಂದ ಪಂಚ್‌ಗಳು ತಾವಾಗಿ ಸರಿಹೋಗುವುದಿಲ್ಲ, ಅವನ್ನು ಅಳಿಸಿ ಯಂತ್ರದಿಂದ ಮತ್ತೆ ಎಳೆಯಬೇಕು.